ಯಾವ ಬೀದಿಯನ್ನು ಕೇಳಿ ಹೋದಿರಿ?



ಪಕ್ಷ ಬಿಟ್ಟವರನ್ನು ಬೈಯುವುದು ಸುಲಭ. ಬೈದರೆ ಚಪ್ಪಾಳೆ ಬೀಳುತ್ತೆ, ಎದೆ ಹಗುರಾಗುತ್ತೆ, ರಾತ್ರಿ ಒಳ್ಳೆ ನಿದ್ದೆ ಬರುತ್ತೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಇದ್ದಹಾಗೇ ಇರುತ್ತೆ. ಆದ್ದರಿಂದ ನಾವು ಬೈಯಲು ಕೂತಿಲ್ಲ, ಲೆಕ್ಕ ಕೇಳಲು ಕೂತಿದ್ದೇವೆ. ಮೊದಲು ಅವರ ಲೆಕ್ಕ, ಆಮೇಲೆ ನಮ್ಮದು.

ಕೊಳ್ಳೇಗಾಲದ ಎನ್. ಮಹೇಶ್ ಸರ್ಕಾರಿ ಅಧಿಕಾರಿಯ ಕೆಲಸ ಬಿಟ್ಟು ಬಹುಜನ ಚಳವಳಿಗೆ ಬಂದವರು. ಇದು ಸಣ್ಣ ಮಾತಲ್ಲ. ವಂಶದಲ್ಲಿ ಮೊದಲ ಸಲ ಒಬ್ಬ ಓದಿ, ಅವನಿಗೊಂದು ಸರ್ಕಾರಿ ಕುರ್ಚಿ ಸಿಕ್ಕರೆ, ಅದನ್ನು ಸಾಯುವತನಕ ಬಿಡಬೇಡ ಕಣೋ ಅಂತ ಹೇಳುವ ಮನೆಗಳು ನಮ್ಮವು. ಅವರು ಬಿಟ್ಟರು. ಹಳ್ಳಿ ಸುತ್ತಿದರು, ರಾಜ್ಯದಲ್ಲಿ ಬಿಎಸ್ಪಿಯನ್ನು ಮುನ್ನಡೆಸಿದರು, ಚುನಾವಣೆಗೆ ನಿಂತು ಸೋತರು, ಮತ್ತೆ ನಿಂತರು. ನಮ್ಮಂಥ ಎಷ್ಟೋ ಹುಡುಗರಿಗೆ ಫುಲೆ, ಶಾಹು, ಪೆರಿಯಾರ್ ಹೆಸರು ಕಿವಿಗೆ ಬಿದ್ದದ್ದು ಶಾಲೆಯಲ್ಲಲ್ಲ, ಆ ಪಕ್ಷದ ಕ್ಯಾಡರ್ ಕ್ಯಾಂಪುಗಳಲ್ಲಿ. ಈ ಋಣ ನಮ್ಮ ಮೇಲಿದೆ, ಒಪ್ಪುತ್ತೇವೆ.

1994ರಲ್ಲಿ ಬೀದರಿನಿಂದ ಸೈಯದ್ ಜುಲ್ಫಿಕರ್ ಹಾಶ್ಮಿ ಗೆದ್ದದ್ದು ಬಿಟ್ಟರೆ ಕರ್ನಾಟಕದಲ್ಲಿ ಆನೆ ವಿಧಾನಸೌಧದ ಮೆಟ್ಟಿಲು ಹತ್ತಿರಲಿಲ್ಲ. 24 ವರ್ಷದ ಮೇಲೆ, 2018ರಲ್ಲಿ, ಜೆಡಿಎಸ್ ಜೊತೆಗಿನ ಹೊಂದಾಣಿಕೆಯಲ್ಲಿ ಮಹೇಶ್ ಕೊಳ್ಳೇಗಾಲದಿಂದ ಗೆದ್ದರು. ಜೂನ್‌ನಲ್ಲಿ ಕುಮಾರಸ್ವಾಮಿ ಸಂಪುಟದಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಮಂತ್ರಿಯಾದರು. ಅಕ್ಷರ ಮುಟ್ಟಿದರೆ ಮೈಲಿಗೆ ಅಂದವರ ನಾಡಿನಲ್ಲಿ ನಮ್ಮವನೊಬ್ಬ ಅಕ್ಷರದ ಮಂತ್ರಿ! ಕೇರಿಗಳಲ್ಲಿ ತಮಟೆ ಬಾರಿಸಿದ್ದು ಸುಮ್ಮನೆ ಅಲ್ಲ.

ನಾಲ್ಕೇ ತಿಂಗಳು. 2018ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಕ್ಷೇತ್ರ ನೋಡಿಕೊಳ್ಳಬೇಕು, ಪಕ್ಷ ಕಟ್ಟಬೇಕು ಅಂದರು. 2019ರ ಜುಲೈ 23ರಂದು ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲ. ತಟಸ್ಥವಾಗಿರು ಎಂಬ ಸೂಚನೆ ಇತ್ತು, ಆಮೇಲಿನದು ನನಗೆ ಮುಟ್ಟಲಿಲ್ಲ ಎಂಬುದು ಅವರ ವಿವರಣೆ. ಸರ್ಕಾರಕ್ಕೆ ಮತ ಹಾಕೆಂದು ಹೇಳಿದ್ದೆ ಎಂದು ಮಾಯಾವತಿ ಅದೇ ದಿನ ಪಕ್ಷದಿಂದ ಹೊರಹಾಕಿದರು. 2021ರ ಆಗಸ್ಟ್‌ನಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಅದೇ ಕೊಳ್ಳೇಗಾಲದಲ್ಲಿ ಕಮಲದ ಗುರುತಿನಿಂದ ನಿಂತು ಐವತ್ತು ಸಾವಿರಕ್ಕೂ ಮೀರಿದ ಅಂತರದಲ್ಲಿ ಸೋತರು. ಆ ವರ್ಷದ ಡಿಸೆಂಬರ್‌ನಲ್ಲಿ ಅವರ ಹೆಸರು ಬಿಜೆಪಿಯ ರಾಜ್ಯ ಉಪಾಧ್ಯಕ್ಷರ ಪಟ್ಟಿಯಲ್ಲಿತ್ತು.

ಇದಿಷ್ಟು ದಾಖಲೆ. ಈಗ ಮಾತಿಗೆ ಬರೋಣ.

ನಮ್ಮೊಳಗಿನ ಕೆಲವು ವಿದ್ಯಾವಂತರು ಹೇಳುತ್ತಾರೆ: "ಅವರು ಸ್ವತಂತ್ರ ಮನೋಭಾವದ ನಾಯಕ ಕಣ್ರಿ. ಯಾರ ಬಾಲವೂ ಅಲ್ಲ." ಸಂತೋಷ. ಆದರೆ ಸ್ವತಂತ್ರ ಅಂದರೆ ಯಾರಿಂದ? ಮಂತ್ರಿಗಿರಿ ಬಿಟ್ಟಾಗ ಮುಖ್ಯಮಂತ್ರಿಯಿಂದ ಸ್ವತಂತ್ರ, ಸದನಕ್ಕೆ ಬಾರದಾಗ ಲಖನೌದಿಂದ ಸ್ವತಂತ್ರ ಅಂತಿಟ್ಟುಕೊಳ್ಳಿ. ಆಮೇಲೆ? ಕಾನ್ಶಿರಾಂ ಒಂದು ವೋಟಿನ ಜೊತೆ ಒಂದು ನೋಟು ಕೇಳುತ್ತಿದ್ದರು. ಕೂಲಿ ಮಾಡಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಹತ್ತು ರೂಪಾಯಿಯಿಂದ ನಡೆಯುವ ಚಳವಳಿಯಲ್ಲಿ ಬೆಳೆದವರು ಆ ಹತ್ತು ರೂಪಾಯಿಯಿಂದಲೂ ಸ್ವತಂತ್ರರಾಗಬಹುದೆ? ಅದರಿಂದ ಬಿಡಿಸಿಕೊಂಡವರನ್ನು ಇನ್ನೊಬ್ಬರ ದುಡ್ಡು, ಇನ್ನೊಬ್ಬರ ವೇದಿಕೆ ಕಟ್ಟಿಹಾಕುತ್ತದೆ. ಗಾಳಿಯಲ್ಲಿ ನಿಂತ ಸ್ವತಂತ್ರ ಶಾಸಕನನ್ನು ನಾವಂತೂ ಕಂಡಿಲ್ಲ.

ನಮ್ಮ ಕಡೆಯ ಒಬ್ಬ ಹಿರೀಕರು ಇದನ್ನು ನಮಗಿಂತ ಚೆನ್ನಾಗಿ ಹೇಳಿದರು: "ಬರುವಾಗ ಬೀದಿಗ್ ಬಂದ, ಕೈ ಮುಗ್ದ. ವೋಗುವಾಗ ಯಾವ್ ಬೀದಿ ಕೇಳ್ಬುಟ್ಟು ವೋದನಪ್ಪ?"

ಈ ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಎಲ್ಲರಿಗೂ ಇಲ್ಲ. 1967ರಲ್ಲಿ ಹರಿಯಾಣದಲ್ಲಿ ಗಯಾಲಾಲ್ ಎಂಬ ದಲಿತ ಶಾಸಕ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದ. ದೇಶಕ್ಕೆ ದೇಶವೇ 'ಆಯಾರಾಂ ಗಯಾರಾಂ' ಅಂತ ನಕ್ಕಿತು, ಇವತ್ತೂ ನಗುತ್ತಿದೆ. 2019ರಲ್ಲಿ ನಮ್ಮ ರಾಜ್ಯದಲ್ಲಿ 17 ಶಾಸಕರು ಅನರ್ಹರಾದರು. ಅದೇ ಡಿಸೆಂಬರ್‌ನ ಉಪಚುನಾವಣೆಯಲ್ಲಿ 15 ಸ್ಥಾನದಲ್ಲಿ 12ನ್ನು ಬಿಜೆಪಿ ಗೆದ್ದಿತು. 2020ರ ಫೆಬ್ರವರಿಯಲ್ಲಿ ಆ ವಲಸೆಗಾರರಲ್ಲಿ 10 ಮಂದಿ ಮಂತ್ರಿಗಳಾಗಿ ಪ್ರಮಾಣವಚನ ತೆಗೆದುಕೊಂಡರು. ಅವರಲ್ಲಿ ಬಹುಪಾಲು ಜಮೀನು, ಜಾತಿ, ದುಡ್ಡು ಮೂರೂ ಇದ್ದವರು. ಅವರಿಗೆ ಯಾರೂ ಗಾದೆ ಕಟ್ಟಲಿಲ್ಲ, 'ಮಿತ್ರಮಂಡಳಿ' ಅಂತ ಮುದ್ದಿನ ಹೆಸರಿಟ್ಟರು. ಉಳ್ಳವನು ಪಕ್ಷ ಬಿಟ್ಟರೆ ತಂತ್ರ, ಇಲ್ಲದವನು ಬಿಟ್ಟರೆ ಮಾರಾಟ! ಈ ಸೋಗಲಾಡಿ ನ್ಯಾಯದ ಪಂಕ್ತಿಯಲ್ಲಿ ನಾವು ಕೂರುವುದಿಲ್ಲ.

ಇನ್ನೂ ಒಂದು ಪ್ರಾಮಾಣಿಕ ಮಾತು. ಮಹೇಶ್ ಬಾರದ್ದರಿಂದ ಸರ್ಕಾರ ಬಿತ್ತು ಎನ್ನುವವರು ಲೆಕ್ಕ ಬಾರದವರು. ಅಂದು ಪರ 99, ವಿರುದ್ಧ 105. ಅವರು ಬಂದು ಕೈ ಎತ್ತಿದ್ದರೆ 100 ಆಗುತ್ತಿತ್ತು, ಸರ್ಕಾರ ಬಿದ್ದೇ ಬೀಳುತ್ತಿತ್ತು. ನಮ್ಮ ನಷ್ಟ ಬೇರೆ. ಸದನದಲ್ಲಿ ಆ ಚಳವಳಿಯ ಹೆಸರಿನಲ್ಲಿ ಇದ್ದದ್ದೇ ಒಂದು ಬಾಯಿ. ಆ ಒಂದು ಬಾಯಿಯೂ ಆ ದಿನ ಸದನದಲ್ಲಿರಲಿಲ್ಲ.

ಕಾಯ್ದೆ ಏನು ಮಾಡುತ್ತಿತ್ತು ಅಂತೀರಿ. ಪಕ್ಷಾಂತರ ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿದರು. 2003ರಲ್ಲಿ ಬಿಗಿ ಮಾಡಿದರು: ಮೂರನೇ ಒಂದು ಭಾಗ ಒಡೆದು ಹೋಗುವ ಬಾಗಿಲು ಮುಚ್ಚಿತು, ಮೂರನೇ ಎರಡು ಭಾಗ ಸೇರಿ 'ವಿಲೀನ' ಆಗುವ ಬಾಗಿಲು ತೆರೆದೇ ಉಳಿಯಿತು. ಆ ಬಾಗಿಲಲ್ಲೇ ರಾಜಸ್ಥಾನದ ಬಿಎಸ್ಪಿಯ ಆರು ಶಾಸಕರು 2019ರಲ್ಲಿ ಕಾಂಗ್ರೆಸ್ ಸೇರಿದರು. ಹತ್ತು ವರ್ಷದ ಹಿಂದೆ, 2009ರಲ್ಲಿ, ಅದೇ ಪಕ್ಷದ ಆರು ಮಂದಿ ಅದೇ ಕಾಂಗ್ರೆಸ್ಸಿಗೇ ಹೋಗಿದ್ದರು. ಆನೆಯನ್ನು ಅಲ್ಲಿ ಕೈ ತಿಂದಿತು, ಇಲ್ಲಿ ಕಮಲ ತಿಂದಿತು. ಯಾರು ತಿಂದರೂ ಹಸಿದದ್ದು ನಾವೇ. ಈ ಕಾಯ್ದೆ ಶಾಸಕನಿಂದ ಪಕ್ಷಕ್ಕೆ ಉತ್ತರ ಕೊಡಿಸುತ್ತದೆ, ಕೇರಿಗೆ ಕೊಡಿಸುವುದಿಲ್ಲ.

ಕೇರಿಗೆ ಉತ್ತರ ಕೊಡಬೇಕಾಗಿಲ್ಲದ ಶಾಸಕ ಹುಟ್ಟಿದ್ದು ಎಲ್ಲಿ? 1932ರ ಸೆಪ್ಟೆಂಬರ್ 24ರಂದು, ಪುಣೆಯಲ್ಲಿ. ಗಾಂಧಿಯ ಉಪವಾಸದ ಮುಂದೆ ಬಾಬಾಸಾಹೇಬರು ಪ್ರತ್ಯೇಕ ಮತಕ್ಷೇತ್ರ ಬಿಟ್ಟುಕೊಡಬೇಕಾಯಿತು. ಪ್ರತಿಯಾಗಿ 148 ಮೀಸಲು ಸ್ಥಾನ ಬಂತು. ಮೊದಲು ನಮ್ಮ ಮತದಾರರೇ ನಾಲ್ವರನ್ನು ಆರಿಸಿ, ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲರೂ ಸೇರಿ ಗೆಲ್ಲಿಸುವ ಏರ್ಪಾಟು ಆ ಒಪ್ಪಂದದಲ್ಲಿತ್ತು. ಅದಕ್ಕೂ ಹತ್ತು ವರ್ಷದ ಗಡುವು. ಗಡುವು ಮುಗಿಯಿತು, ನಾವೇ ಮೊದಲು ಆರಿಸುವ ಹಕ್ಕೂ ಮುಗಿಯಿತು. ಇವತ್ತು ಕರ್ನಾಟಕದ 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ನಿಲ್ಲುವವರು ನಮ್ಮವರು, ನಿಲ್ಲಿಸುವವರು ಬೇರೆ, ಗೆಲ್ಲಿಸುವವರೂ ಬಹುಪಾಲು ಬೇರೆ. ಕಾನ್ಶಿರಾಂ ಪುಣೆ ಒಪ್ಪಂದಕ್ಕೆ 50 ವರ್ಷ ತುಂಬಿದಾಗ, 1982ರಲ್ಲಿ, 'ಚಮಚಾ ಯುಗ' ಎಂದು ಪುಸ್ತಕ ಬರೆದದ್ದು ಈ ಸಂಕಟಕ್ಕೇ. ಆ ಕಾನ್ಶಿರಾಂ ಹೆಸರು ಹೇಳಿ ಬೆಳೆದವರೇ ಅದೇ ಹಳ್ಳಕ್ಕೆ ಬಿದ್ದರೆ ತಪ್ಪನ್ನು ಒಬ್ಬನ ಚಾರಿತ್ರ್ಯದಲ್ಲಿ ಮಾತ್ರ ಹುಡುಕಿದರೆ ಸಾಲದು.

"ಬಾಬಾಸಾಹೇಬರೂ ಕಾಂಗ್ರೆಸ್ ಸಂಪುಟಕ್ಕೆ ಹೋಗಲಿಲ್ಲವೆ?" ಇದು ಅವರ ಪರ ವಾದಿಸುವವರ ಬ್ರಹ್ಮಾಸ್ತ್ರ. ಹೋದರು, 1947ರಲ್ಲಿ. ತಮ್ಮ ಪಕ್ಷವನ್ನು ಅಡವಿಟ್ಟು ಹೋಗಲಿಲ್ಲ. 1951ರಲ್ಲಿ ಹಿಂದೂ ಕೋಡ್ ಬಿಲ್ಲಿಗೆ ದ್ರೋಹವಾದಾಗ ಮಂತ್ರಿಪದವಿ ಬಿಸಾಕಿ ಬಂದರು. 1952ರಲ್ಲಿ ಸೋತರು, 1954ರಲ್ಲಿ ಭಂಡಾರಾದಲ್ಲಿ ಸೋತರು, ಗೆದ್ದ ಪಕ್ಷದ ಬಾಗಿಲು ತಟ್ಟಲಿಲ್ಲ. ನಮ್ಮ ನಾಡಿನದೇ ಉದಾಹರಣೆ ಬೇಕೆ? 1973ರಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯವನ್ನು ಬೂಸಾ ಅಂದರು. ಮಂತ್ರಿಗಿರಿ ಹೋಯಿತು. ಹಾಸ್ಟೆಲ್ ಹುಡುಗರ ತಲೆಗಳು ಒಡೆದವು. ಆ ಗಲಾಟೆಯ ಬೆಂಕಿಯಲ್ಲೇ ದಲಿತ ಸಂಘರ್ಷ ಸಮಿತಿಯ ಕಿಡಿ ಹೊತ್ತಿತು. ಬಸವಲಿಂಗಪ್ಪನವರ ಎಲ್ಲ ರಾಜಕೀಯವನ್ನೂ ನಾವು ಹೊರುವುದಿಲ್ಲ. ಆದರೆ ಆ ಒಂದು ಮಾತು ಅವರ ಕುರ್ಚಿಯನ್ನು ತಿಂದಿತು, ನಮ್ಮನ್ನು ಎಬ್ಬಿಸಿತು. ಸ್ವತಂತ್ರ ಮನಸ್ಸಿನ ಗುರುತು ಇದು.

ಇನ್ನು ಮಹೇಶ್ ಸೇರಿದ ಮನೆ ಎಂಥದು? ಅವರು ಹೋಗುವ ಮೊದಲೇ, 2020ರಲ್ಲಿ, ಆ ಸರ್ಕಾರ ಭೂಸುಧಾರಣಾ ಕಾಯ್ದೆಯನ್ನು ತಿದ್ದಿ ಕೃಷಿಕರಲ್ಲದ ದುಡ್ಡಿನ ಕುಳಗಳೂ ಹೊಲ ಕೊಳ್ಳಲು ದಾರಿ ಮಾಡಿತ್ತು. ಹೊಲವೇ ಇಲ್ಲದವನಿಗೆ ಹೊಲದ ಆಸೆಯೂ ದೂರವಾಯಿತು. 2021ರ ಹೊತ್ತಿಗೆ ಜಾನುವಾರು ಹತ್ಯೆ ನಿಷೇಧ ಕಾಯ್ದೆ ನಮ್ಮ ತಣಿಗೆಗೆ ಕೈ ಹಾಕಿತ್ತು. ಇದೆಲ್ಲ ನೋಡಿಯೂ ಹೋದರು. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆ ನಡೆದು ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಅಂಬೇಡ್ಕರರ ಹೆಸರಿನ ಮುಂದಿದ್ದ 'ಸಂವಿಧಾನ ಶಿಲ್ಪಿ' ಮಾಯವಾಯಿತು. ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆ ವಾಪಸ್ ಪಡೆದರು. ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸಂಘಟನೆಗಳು ಬೀದಿಗೆ ಬಂದ ಮೇಲೆ ಸರ್ಕಾರ ಆ ಎರಡು ಪದ ಮತ್ತೆ ಸೇರಿಸುತ್ತೇವೆ ಅಂದಿತು. ನಾಲ್ಕು ವರ್ಷದ ಹಿಂದೆ ಅದೇ ಇಲಾಖೆಯ ಮಂತ್ರಿಯಾಗಿದ್ದವರು ಆಗ ಅದೇ ಪಕ್ಷದ ಶಾಸಕರು. ಒಳಗೆ ಹೋಗಿ ನಮ್ಮ ಕೆಲಸ ಮಾಡಿಸುತ್ತೇನೆ ಎನ್ನುವ ವಾದಕ್ಕೆ ಇದಕ್ಕಿಂತ ಉತ್ತರ ಬೇಕೆ? ಪದ ಉಳಿಸಿದ್ದು ಒಳಗಿನವರಲ್ಲ, ಹೊರಗೆ ಬಿಸಿಲಲ್ಲಿ ನಿಂತವರು.

ಈಗ ನಮ್ಮ ಲೆಕ್ಕ.

ಮಹೇಶ್ ಅವರನ್ನು ಹೊರಹಾಕಿದ ಪಕ್ಷ 1995, 1997, 2002, ಮೂರು ಸಲ ಬಿಜೆಪಿಯ ಬೆಂಬಲದಿಂದ ಉತ್ತರ ಪ್ರದೇಶದಲ್ಲಿ ಗದ್ದುಗೆ ಏರಿತ್ತು. ಆಗ ನಾವು ಅದನ್ನು ಜಾಣತನ ಅಂದೆವು. ಮೇಲಿನವರು ಮಾಡಿದ್ದು ಜಾಣತನ, ಕೆಳಗಿನವರು ಮಾಡಿದ್ದು ದ್ರೋಹ ಅನ್ನುವುದು ಚಳವಳಿಯ ಮಾತಲ್ಲ, ದೇವಸ್ಥಾನದ ಮಾತು. ಆಳುವವರ ನಿರ್ಧಾರ ಲಖನೌದಿಂದ ಇಳಿದು ಬರುತ್ತಿತ್ತು, ನಾವು ಜೈಕಾರ ಹಾಕುತ್ತಿದ್ದೆವು. ಒಬ್ಬ ಶಾಸಕನನ್ನು ಕಟ್ಟಿದೆವು, ಅವನನ್ನು ಕೂರಿಸಿ ಕೇಳುವ ಕಟ್ಟೆಯನ್ನು ಕಟ್ಟಲಿಲ್ಲ. ಅತ್ತ ದಸಂಸವನ್ನು ಬಣ ಬಣವಾಗಿ ಹರಿದು ಹಂಚಿಕೊಂಡೆವು, ಒಬ್ಬೊಬ್ಬರೂ ಒಂದೊಂದು ಪಕ್ಷದ ಜಗುಲಿಯಲ್ಲಿ ಕೂತೆವು. ಬೀದಿ ಖಾಲಿಯಾಯಿತು. ಖಾಲಿ ಬೀದಿಯನ್ನು ಯಾರಾದರೂ ಕೇಳಿ ಹೋಗುತ್ತಾರೆಯೆ?

ಹೌದು, 2023ರಲ್ಲಿ ಮತದಾರರು ಉತ್ತರ ಕೊಟ್ಟರು. ಬೀಗಬೇಡಿ. ಅಂದು ಕಾಂಗ್ರೆಸ್ಸಿನಿಂದ ಗೆದ್ದ ಎ.ಆರ್. ಕೃಷ್ಣಮೂರ್ತಿಯವರು 2004ರಲ್ಲಿ ಸಂತೆಮರಹಳ್ಳಿಯಲ್ಲಿ ಒಂದೇ ಒಂದು ವೋಟಿನಿಂದ ಸೋತಾಗ ಜೆಡಿಎಸ್‌ನಲ್ಲಿದ್ದವರು. ಸೋಲಿಸುವುದು ನಮಗೆ ಗೊತ್ತು. ಗೆದ್ದವರನ್ನು ಐದು ವರ್ಷ ಹಿಡಿದಿಡುವುದು ಗೊತ್ತಿಲ್ಲ.

ಕಲಿಯಬೇಕು. ಪುಣೆಯಲ್ಲಿ ಹತ್ತು ವರ್ಷಕ್ಕೆ ಸಿಕ್ಕಿ ಕಳೆದುಹೋದ ಹಕ್ಕನ್ನು ಯಾವ ಸರ್ಕಾರವೂ ವಾಪಸ್ ಕೊಡುವುದಿಲ್ಲ, ನಾವೇ ತೆಗೆದುಕೊಳ್ಳಬೇಕು. ಯಾವ ಪಕ್ಷ ಟಿಕೆಟ್ ಕೊಟ್ಟರೂ ಸರಿ, ಮೊದಲು ಬೀದಿ ಬೀದಿಯಲ್ಲಿ ಕೂಟ ಸೇರಲಿ. ಬಂದವರು ನಿಂತು ಉತ್ತರ ಹೇಳಲಿ. ಭೂಮಿ, ಹಾಸ್ಟೆಲ್, ಒಳಮೀಸಲಾತಿ, ಸ್ಮಶಾನ, ಪಠ್ಯ ಏನೇನು ಮಾಡುತ್ತೀರಿ ಬರೆದುಕೊಡಿ ಅನ್ನಿ. ವರ್ಷಕ್ಕೊಮ್ಮೆ ಅದೇ ಬೀದಿಗೆ ಬಂದು ಓದಿ ಹೇಳಲಿ. ಪಕ್ಷ ಬಿಡಬೇಕೆನಿಸಿದರೆ ಬಿಡಲಿ, ಆದರೆ ಶಾಸಕ ಸ್ಥಾನವನ್ನೂ ಬಿಟ್ಟು ಜನರ ಮುಂದೆ ಬರಲಿ. ಈ ಕೆಲಸಕ್ಕೆ ಹಳ್ಳಿ ಮೇಷ್ಟ್ರುಗಳು ಬೇಕು, ಹಾಸ್ಟೆಲ್ ಹುಡುಗ ಹುಡುಗಿಯರು ಬೇಕು, ಪಕ್ಷದ ಜಗುಲಿಯಿಂದ ಇಳಿದು ಬರುವ ಹಿರಿಯರು ಬೇಕು.

ಕೊಳ್ಳೇಗಾಲ ಮಂಟೇಸ್ವಾಮಿ, ಸಿದ್ದಪ್ಪಾಜಿಯ ಸೀಮೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿ ಸೇವೆಯಲ್ಲಿ ಜಾತಿ ನೋಡದೆ ಒಂದೇ ಸಾಲಲ್ಲಿ ಕೂತು ಉಣ್ಣುವ ಜನ. ಪಂಕ್ತಿಯಿಂದ ನಡುವೆ ಏಳಬಾರದು, ಏಳಲೇಬೇಕಾದರೆ ಪಕ್ಕದವರಿಗೆ ಹೇಳಿ ಏಳುವುದು ಮರ್ಯಾದೆ.

ಮಹೇಶಣ್ಣ, ನೀವು ಎದ್ದು ಹೋದಿರಿ. ನಿಮ್ಮ ಎಲೆ ಇದ್ದ ಜಾಗ ಇನ್ನೂ ಖಾಲಿ ಇದೆ. ಇಂದಲ್ಲ ನಾಳೆ ಅಲ್ಲಿ ಇನ್ನೊಬ್ಬರು ಕೂರುತ್ತಾರೆ. ಅವರ ಪಕ್ಕದಲ್ಲಿ ನಾವು ಕೂತಿರುತ್ತೇವೆ, ಎಚ್ಚರವಾಗಿ.