ಕೊಂಡುಕುರಿಯ ಕಥೆ ಮಕ್ಕಳಿಗೆ ಹೇಳಿದ್ದೀರಾ?

ಟಿ.ವಿ.ಯಲ್ಲಿ ಆಫ್ರಿಕಾದ ಒಣ ಹುಲ್ಲುಗಾವಲು, ಪ್ರಾಣಿಗಳ ಹಿಂಡು ಕಂಡರೆ ಮಕ್ಕಳು ಊಟ ಮರೆತು ಕೂರುತ್ತಾರಲ್ಲವೇ? ಆಫ್ರಿಕಾದಲ್ಲೂ ಇಲ್ಲದ ಒಂದು ಜೀವಿ ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರು ತಾಲೂಕಿನಲ್ಲೇ ಇದೆಯೆಂದು ಅವರಿಗೆ ಹೇಳಿದ್ದೀರಾ?

ಅದುವೇ ಕೊಂಡುಕುರಿ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಇನ್ನೆರಡು ಪುಟ್ಟವು. ಹೆಣ್ಣಿಗೆ ಕೊಂಬೇ ಇಲ್ಲ. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇದು ಕಾಣಸಿಗದು. ಇದರ ರಕ್ಷಣೆಗಾಗಿಯೇ 2011ರಲ್ಲಿ ರಂಗಯ್ಯನದುರ್ಗದ ಸುಮಾರು 77 ಚದರ ಕಿ.ಮೀ. ಕಾಡನ್ನು ಅಭಯಾರಣ್ಯವೆಂದು ಘೋಷಿಸಲಾಯಿತು.

ಕೊಂಡುಕುರಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ ಇಲ್ಲವೇ ಜೋಡಿಯಾಗಿ, ಎತ್ತರದ ಹುಲ್ಲಿನ ಮರೆಯಲ್ಲಿ ಬದುಕುತ್ತದೆ. ಆಗಾಗ ನೀರು ಕುಡಿಯಲೇಬೇಕು. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯ ಕಿಡಿಗೆ ಹುಲ್ಲು ಸುಟ್ಟರೆ ಮರಿಗೆ ಅಡಗಲು ಜಾಗವಿಲ್ಲ. ಹಳ್ಳ ಬತ್ತಿದರೆ ತಾಯಿಗೆ ನೀರಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಸಹೋದರಿಯರೇ, ಶಾಂತಿಸಾಗರ, ತುಂಗಭದ್ರೆಯ ನೀರು ಕಂಡ ನಿಮಗೆ ಜಗಳೂರಿನ ಬರ ದೂರದ್ದೆನಿಸಬಹುದು. ಆದರೆ ಜಿಲ್ಲೆ ಒಂದೇ, ಈ ಮೂಕ ಜೀವಿಯೂ ನಮ್ಮದೇ. ಕಾಡಿನ ಕಡೆ ಹೋಗುವ ಮನೆಯವರಿಗೆ ಒಂದು ಮಾತು ಹೇಳಿ: ಬೆಂಕಿ ಹಚ್ಚಬೇಡಿ, ನಾಯಿಗಳನ್ನು ಒಳಗೆ ಬಿಡಬೇಡಿ.