ಅಳಿಸುವ ಪುಸ್ತಕ ಮಕ್ಕಳಿಗೆ ಬೇಡವೇ?

ಏಳನೆಯ ತರಗತಿಯ ಹುಡುಗಿಯೊಬ್ಬಳು ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಕಥೆಪುಸ್ತಕ ಓದುತ್ತಿದ್ದಾಳೆ ಎಂದುಕೊಳ್ಳಿ. ಓದುತ್ತ ಓದುತ್ತ ಆಕೆಯ ಕಣ್ಣು ತುಂಬುತ್ತದೆ. ಒಳಗಿನಿಂದ ಬಂದ ತಾಯಿ ಇದನ್ನು ಕಂಡರೆ ಏನೆಂದಾಳು? 'ಅಳೋ ಪುಸ್ತಕ ಯಾಕ ಓದ್ತಿಯವ್ವಾ? ಅದನ್ನ ಇಟ್ಟು ಸಾಲಿ ಪುಸ್ತಕ ಓದು' ಎಂದಾಳು. ತಂಬ್ರಹಳ್ಳಿಯೇ ಆಗಲಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳೇ ಆಗಲಿ, ಈ ಮಾತು ಕೇಳಿಬರದ ಮನೆ ಅಪರೂಪ.

ತಾಯಿಯ ಕಳಕಳಿ ಸಹಜವಾದುದೇ. ಎಳೆಯ ಮನಸ್ಸಿಗೆ ನೋವಾಗಬಾರದು ಎಂಬುದು ಆಕೆಯ ಆಸೆ. ಆದರೆ ನೋವು ಪುಸ್ತಕದಿಂದ ಮಾತ್ರ ಬರುತ್ತದೆಯೇ? ಮಳೆ ಕೈಕೊಟ್ಟ ವರ್ಷ ಈ ಭಾಗದ ಎಷ್ಟೋ ತಂದೆತಾಯಂದಿರು ದುಡಿಮೆ ಹುಡುಕಿಕೊಂಡು ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಸಾಕಿದ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗುವುದನ್ನು ಮಕ್ಕಳು ನೋಡುತ್ತಾರೆ. ಅಜ್ಜ ಹಾಸಿಗೆ ಹಿಡಿದದ್ದು, ಸಾಲದ ಮಾತು, ದೊಡ್ಡವರ ಜಗಳ ಎಲ್ಲವೂ ಅವರ ಕಿವಿಗೆ ಬೀಳುತ್ತವೆ. ದುಃಖ ಮಕ್ಕಳಿಗೆ ಹೊಸದಲ್ಲ, ಅದನ್ನು ಹೇಳಿಕೊಳ್ಳುವ ಮಾತು ಮಾತ್ರ ಅವರಲ್ಲಿಲ್ಲ. ಒಳ್ಳೆಯ ಕಾದಂಬರಿ ಆ ಮಾತನ್ನು ಕೊಡುತ್ತದೆ. 'ಇಂಥದು ನನಗೊಬ್ಬನಿಗೇ ಆದದ್ದಲ್ಲ' ಎಂಬ ಧೈರ್ಯವನ್ನೂ ಕೊಡುತ್ತದೆ.

ಹತ್ತು ಹನ್ನೊಂದು ವಯಸ್ಸಿನ ಮಕ್ಕಳಿಗೆ ಮೊದಲು ಕೊಡಬಹುದಾದ ಪುಸ್ತಕ 'ತೊತ್ತೋ-ಚಾನ್'. ಜಪಾನಿನ ತೆತ್ಸುಕೋ ಕುರೋಯಾನಾಗಿ 1981ರಲ್ಲಿ ಪ್ರಕಟಿಸಿದ ಈ ಬಾಲ್ಯದ ನೆನಪುಗಳು ಕಾದಂಬರಿಯಂತೆಯೇ ಓದಿಸಿಕೊಂಡು ಹೋಗುತ್ತವೆ. ವಿ. ಗಾಯತ್ರಿಯವರು ಮಾಡಿದ ಕನ್ನಡ ಅನುವಾದವನ್ನು ನ್ಯಾಷನಲ್ ಬುಕ್ ಟ್ರಸ್ಟ್ ಹೊರತಂದಿದೆ. ಹಳೆಯ ರೈಲು ಡಬ್ಬಿಗಳಲ್ಲಿ ನಡೆಯುವ ಶಾಲೆಯ ಈ ಕಥೆಯಲ್ಲಿ ನಗು ತುಂಬಿದೆ. ಅದರ ನಡುವೆ ಪಾಲಕರು ಗಮನಿಸಬೇಕಾದ ಒಂದು ಪ್ರಸಂಗವಿದೆ. ಪುಟ್ಟ ತೊತ್ತೋ-ಚಾನ್ ಜಾತ್ರೆಯಲ್ಲಿ ಕೋಳಿಮರಿಗಳನ್ನು ಕಂಡು ಬೇಕೆಂದು ಹಟ ಹಿಡಿಯುತ್ತಾಳೆ. ಅವು ಬಹಳ ದಿನ ಬದುಕುವುದಿಲ್ಲವೆಂದು ತಂದೆತಾಯಿಗೆ ಗೊತ್ತು. ಮಗಳು ಆಮೇಲೆ ಅತ್ತಾಳೆಂದು ಬೇಡವೆನ್ನುತ್ತಾರೆ. ಆಕೆ ಬೇಡಿಕೊಂಡಾಗ ಕೊಡಿಸುತ್ತಾರೆ. ಕೆಲವೇ ದಿನಗಳಲ್ಲಿ ಎರಡೂ ಮರಿಗಳು ಸಾಯುತ್ತವೆ. ಮುಂದೆ ಪೋಲಿಯೋದಿಂದ ಕೈಕಾಲು ಸೊರಗಿದ ಗೆಳೆಯ ಯಾಸುಆಕಿ ತೀರಿಕೊಂಡಾಗ ಆಕೆಗೆ ಅಗಲಿಕೆಯ ಅರ್ಥ ಸ್ವಲ್ಪವಾದರೂ ತಿಳಿದಿರುತ್ತದೆ. ಅವನು ಓದಲು ಕೊಟ್ಟ ಪುಸ್ತಕ ಇನ್ನೂ ಆಕೆಯ ಬಳಿಯೇ ಇರುತ್ತದೆ. ಈ ಪುಟಗಳನ್ನು ಓದಿ ಕಣ್ಣೀರು ಹಾಕಿದ ಮಗುವಿಗೆ ಕೆಡುಕೇನೂ ಆಗಿಲ್ಲ. ಇನ್ನೊಬ್ಬರ ಅಳಲು ಅದಕ್ಕೆ ತಟ್ಟಿದೆ, ಅಷ್ಟೆ.

ತಂಬ್ರಹಳ್ಳಿಯ ಸುತ್ತಲಿನ ಮಕ್ಕಳು ಓದಲೇಬೇಕಾದ ಮತ್ತೊಂದು ಪುಸ್ತಕ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು'. ಮಕ್ಕಳಿಗಾಗಿಯೇ ಬರೆದ ಈ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆಯಿತು. 1937ರಲ್ಲಿ ಸಾಗರದಲ್ಲಿ ಹುಟ್ಟಿ 2025ರ ಜನವರಿಯಲ್ಲಿ ತೀರಿಕೊಂಡ ಡಿಸೋಜರು ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿದವರು. ಊರುಗಳು ನೀರಿನಡಿ ಸೇರುವುದನ್ನು ಹತ್ತಿರದಿಂದ ಕಂಡು ಬರೆದವರು.

ಇದು ಮಲೆನಾಡಿನವರ ಕಥೆ, ನಮಗೇಕೆ ಎನ್ನುವಂತಿಲ್ಲ. ತಂಬ್ರಹಳ್ಳಿಯ ಬಳಿ ತುಂಗಭದ್ರೆಯ ಹಿನ್ನೀರು ಹರಡಿಕೊಂಡಿದೆ. 1953ರಲ್ಲಿ ಅಣೆಕಟ್ಟೆಯಲ್ಲಿ ನೀರು ನಿಂತಾಗ ಅನೇಕ ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಊರು ಬಿಟ್ಟು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಇಂದಿನ ಮಕ್ಕಳಿಗೆ ಆ ನೀರು ಎಂದರೆ ಮೀನು, ಪಂಪ್‌ಸೆಟ್ಟು, ಹಸಿರು ಗದ್ದೆ. ಮನೆಯ ಹಿರಿಯರಲ್ಲಿ ಕೆಲವರಿಗೆ ಅದು ತಾವು ಹುಟ್ಟಿದ ಊರು. ಪುಸ್ತಕ ಮುಗಿಸಿದ ಮಗು ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು 'ನಿಮ್ಮ ಊರು ಎಲ್ಲಿತ್ತು? ಬರುವಾಗ ಏನೇನು ತಂದಿರಿ?' ಎಂದು ಕೇಳಲಿ. ಆ ಮಾತು ಹೇಳಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಏಳು, ಎಂಟನೆಯ ತರಗತಿಯವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಒಪ್ಪುತ್ತದೆ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವ ವಿಜ್ಞಾನಿಯ ಕಥೆಯಿದು. ಅವರು ಹಳ್ಳಿಯ ಮಂದಣ್ಣನ ತಿಳಿವಳಿಕೆಯನ್ನು ತಮ್ಮ ಸರಿಸಮಾನವೆಂದು ಗೌರವಿಸುತ್ತಾರೆ. ಕೊನೆಗೆ ಓತಿ ಕಂಡರೂ ಕೈಗೆ ಸಿಗುವುದಿಲ್ಲ. ಕಳೆದುಕೊಳ್ಳುವುದರಲ್ಲೂ ಒಂದು ಬೆರಗಿದೆ ಎಂಬುದನ್ನು ಮಕ್ಕಳು ಇಲ್ಲಿ ಕಾಣುತ್ತಾರೆ.

ಶಿವರಾಮ ಕಾರಂತರ 'ಚೋಮನ ದುಡಿ' (1933) ಒಂಬತ್ತನೆಯ ತರಗತಿಯವರೆಗೆ ಕಾಯಲಿ. ಚೋಮನ ಮಗು ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದ ಜಾತಿಯೆಂದು ಯಾರೂ ಎತ್ತುವುದಿಲ್ಲ. ಅಸ್ಪೃಶ್ಯತೆಯ ಬಗ್ಗೆ ಸಮಾಜ ವಿಜ್ಞಾನದಲ್ಲಿ ಓದಿದ ಸಾಲುಗಳಿಗಿಂತ ಈ ಒಂದು ಸಾವು ಮನಸ್ಸಿನಲ್ಲಿ ಆಳವಾಗಿ ನಿಲ್ಲುತ್ತದೆ. ಮಗಳು ಬೆಳ್ಳಿಗೆ ಆಗುವ ಅನ್ಯಾಯವೂ ಇದರಲ್ಲಿ ಇರುವುದರಿಂದ ಪಾಲಕರು ತಾವು ಮೊದಲು ಓದಿ, ಮಕ್ಕಳು ಕೇಳುವ ಪ್ರಶ್ನೆಗಳಿಗೆ ಸಿದ್ಧರಾಗಿರುವುದು ಒಳ್ಳೆಯದು.

ಪಾಲಕರಿಗೆ ಇನ್ನೂ ಕೆಲವು ಮಾತು. ಓದಿ ಅತ್ತ ಮಗುವನ್ನು ನಗೆಯಾಡಬೇಡಿ, ಹುಡುಗನಾದರಂತೂ 'ಗಂಡಸು ಅಳ್ತಾರೇನು' ಎನ್ನಬೇಡಿ. ಪುಸ್ತಕ ಮುಗಿದ ಕೂಡಲೇ 'ನೀತಿ ಏನು?' ಎಂದು ಪರೀಕ್ಷೆ ಮಾಡಬೇಡಿ. 'ನಿನಗೆ ಯಾರು ಇಷ್ಟವಾದರು?' ಎಂದರೆ ಸಾಕು, ಮಾತು ತಾನಾಗಿ ಬರುತ್ತದೆ. ನಡುವೆಯೇ ಪುಸ್ತಕ ಮುಚ್ಚಿಟ್ಟರೆ ಒತ್ತಾಯ ಬೇಡ, ಆರು ತಿಂಗಳ ಮೇಲೆ ಅದೇ ಕೈ ಮತ್ತೆ ತೆರೆದೀತು. ಮನೆಯಲ್ಲಿ ಸಾವಾಗಿ ಸ್ವಲ್ಪ ದಿನವಷ್ಟೇ ಆಗಿದ್ದರೆ ಸಾವಿನ ಕಥೆಯನ್ನು ಆಗಲೇ ಕೈಗಿಡದೆ, ಮಗು ತಾನಾಗಿ ಕೇಳುವವರೆಗೆ ಕಾಯಿರಿ.

ಪುಸ್ತಕ ಕೊಳ್ಳಲು ಹಣವಿಲ್ಲವೆಂದು ಕೈಚೆಲ್ಲಬೇಕಿಲ್ಲ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಮೇಲಿನ ಪುಸ್ತಕಗಳು ಅಲ್ಲಿ ಇಲ್ಲದಿದ್ದರೆ ತರಿಸಿಕೊಡುವಂತೆ ಗ್ರಂಥಪಾಲಕರನ್ನು ಕೇಳಿರಿ. ಮಕ್ಕಳೇ, ನೀವೇ ನಾಲ್ಕಾರು ಗೆಳೆಯರು ಸೇರಿ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿರಿ. ಪುಸ್ತಕ ಬಂದ ಮೇಲೆ ಒಬ್ಬರಾದ ನಂತರ ಒಬ್ಬರು ಓದಿರಿ. ರಾತ್ರಿ ಊಟವಾದ ಮೇಲೆ ಎರಡು ಪುಟವನ್ನು ಗಟ್ಟಿಯಾಗಿ ಓದಿದರೆ, ಓದು ಬಾರದ ಅಜ್ಜಿಯೂ ಬಾಗಿಲ ಬಳಿ ಕುಳಿತು ಕೇಳಿಯಾಳು.