ಧೂಳು ಬರೆದಿಟ್ಟ ಮಳೆಯ ಚರಿತ್ರೆ

ಚರಿತ್ರೆಯೆಂದೊಡನೆ ಶಿಲಾಶಾಸನಗಳೂ ತಾಳೆಯೋಲೆಗಳೂ ನಮ್ಮ ನೆನಪಿಗೆ ಬರುತ್ತವೆ. ಆದರೆ ಮಾನವನು ಅಕ್ಷರ ಕಲಿಯುವುದಕ್ಕೆ ಲಕ್ಷಾಂತರ ವರ್ಷಗಳ ಮೊದಲೇ ಗಾಳಿ ಬೀಸುತ್ತಿತ್ತು, ಮಳೆ ಸುರಿಯುತ್ತಿತ್ತು. ಆ ಮಳೆಯ ಲೆಕ್ಕವನ್ನು ಬರೆದಿಟ್ಟವರಾರು? ಗಾಳಿ ಹೊತ್ತು ತಂದ ಧೂಳು ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಚೀನಾ ದೇಶದ ಉತ್ತರದಲ್ಲಿ, ಹಳದಿ ನದಿಯ ಮಧ್ಯಭಾಗದ ಪ್ರದೇಶದಲ್ಲಿ, ವಿಶಾಲವಾದ ಪ್ರಸ್ಥಭೂಮಿಯೊಂದಿದೆ. ಅಲ್ಲಿನ ನೆಲವನ್ನೆಲ್ಲ ಆವರಿಸಿರುವ ನಯವಾದ ಹಳದಿ ಮಣ್ಣಿಗೆ ಲೋಯೆಸ್ ಎಂದು ಹೆಸರು. ನದಿಗೆ ಆ ಬಣ್ಣವೂ ಹೆಸರೂ ಬಂದುದು ಈ ಮಣ್ಣಿನಿಂದಲೇ. ಕೆಲವೆಡೆ ಇದು 100 ಮೀಟರುಗಳಿಗಿಂತಲೂ ದಪ್ಪವಾಗಿದೆ. ಚಳಿಗಾಲ ಮತ್ತು ವಸಂತ ಋತುಗಳಲ್ಲಿ ವಾಯವ್ಯದಿಂದ ಬೀಸುವ ಒಣಗಾಳಿಯು ಮರುಭೂಮಿಗಳ ಧೂಳನ್ನು ತಂದು ಇಲ್ಲಿ ಹರಡುತ್ತದೆ. ಬೇಸಗೆಯಲ್ಲಿ ಸಾಗರದ ಕಡೆಯಿಂದ ಬರುವ ಮಾನ್ಸೂನ್ ಮಾರುತವು ಮಳೆ ಸುರಿಸುತ್ತದೆ.

ಈ ಎರಡು ಮಾರುತಗಳ ಬಲಾಬಲವು ಮಣ್ಣಿನ ಪದರಗಳಲ್ಲಿ ದಾಖಲಾಗಿದೆ. ಹಿಮಯುಗಗಳಲ್ಲಿ ಒಣಗಾಳಿಯು ಪ್ರಬಲವಾಗಿ, ದಪ್ಪ ಕಣಗಳ ಹಳದಿ ಪದರವು ಬೇಗನೆ ಬೆಳೆಯಿತು. ಬೆಚ್ಚನೆಯ ಯುಗಗಳಲ್ಲಿ ಮಳೆ ಹೆಚ್ಚಿ, ಹುಲ್ಲು ಬೆಳೆದು, ಅದೇ ಧೂಳು ಕೆಂಗಂದು ಬಣ್ಣದ ಮಣ್ಣಾಗಿ ಮಾರ್ಪಟ್ಟಿತು. ಅದರಲ್ಲಿ ಅತಿ ಸೂಕ್ಷ್ಮವಾದ ಕಾಂತೀಯ ಖನಿಜಗಳು ಉಂಟಾದವು. ಆದುದರಿಂದ ವಿಜ್ಞಾನಿಗಳು ಕಣಗಳ ಗಾತ್ರದಿಂದ ಗಾಳಿಯ ಬಲವನ್ನೂ, ಕಾಂತೀಯ ಗುಣದಿಂದ ಮಳೆಯ ಏರಿಳಿತವನ್ನೂ ಊಹಿಸುತ್ತಾರೆ. ಭೂಮಿಯ ಕಾಂತಕ್ಷೇತ್ರವು ಸುಮಾರು 7,80,000 ವರ್ಷಗಳ ಹಿಂದೆ ದಿಕ್ಕು ಬದಲಿಸಿದ ಗುರುತು ಪದರಗಳಲ್ಲಿ ಉಳಿದಿದೆ. ಇಂತಹ ಗುರುತುಗಳ ನೆರವಿನಿಂದ ಫ್ರೀಡ್ರಿಖ್ ಹೆಲ್ಲರ್ ಮತ್ತು ಲಿಯು ತುಂಗ್‌ಷೆಂಗ್ ಎಂಬ ವಿಜ್ಞಾನಿಗಳು 1982ರಲ್ಲಿ ಈ ಪದರಗಳ ಕಾಲನಿರ್ಣಯವನ್ನು ಪ್ರಕಟಿಸಿದರು. ಹಳದಿ ಮತ್ತು ಕೆಂಪು ಪದರಗಳ ಈ ಸಾಲು ಸುಮಾರು 26 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆಂದು ಈಗ ತಿಳಿದಿದೆ.

ಹಳೆಯ ಧೂಳನ್ನು ಕೆದಕುವುದರಿಂದ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. ಒಂದೂವರೆ ಶತಮಾನದ ಅಳತೆಯು ಬಹಳ ಅಮೂಲ್ಯವಾದುದು. ಆದರೆ ಮಳೆಯ ದೀರ್ಘ ಚರಿತ್ರೆಯಲ್ಲಿ ಅದು ಒಂದು ಪುಟವೂ ಆಗಲಾರದು. ಆ ಒಂದು ಪುಟವನ್ನು ಓದಿ, ಮಳೆಯ ಸ್ವಭಾವವೆಲ್ಲ ತಿಳಿಯಿತೆಂದು ಭಾವಿಸುವುದು ಸರಿಯಲ್ಲ.

ಮಾನ್ಸೂನ್ ಹಿಂದೆಯೂ ತಾನಾಗಿಯೇ ಬದಲಾಗಿತ್ತಲ್ಲ, ಈಗ ಬದಲಾದರೆ ಚಿಂತೆಯೇಕೆ ಎಂದು ವಾದಿಸುವವರೂ ಇದ್ದಾರೆ. ಈ ವಾದವನ್ನು ಒಪ್ಪಲಾಗದು. ಭೂಮಿಯು ತಣ್ಣಗಾದಾಗ ಮಳೆ ಕುಗ್ಗಿತು, ಬೆಚ್ಚಗಾದಾಗ ಹಿಗ್ಗಿತು ಎಂದು ಪದರಗಳು ತೋರಿಸುತ್ತವೆ. ಶಾಖದ ವ್ಯತ್ಯಾಸಕ್ಕೆ ಇಷ್ಟು ಬೇಗ ಮಣಿಯುವ ಮಾರುತದ ವಿಷಯದಲ್ಲಿ ನಾವು ಹೆಚ್ಚು ಎಚ್ಚರದಿಂದಿರಬೇಕಲ್ಲವೆ? ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿ ವಾಯುಮಂಡಲದ ಶಾಖವನ್ನು ಹೆಚ್ಚಿಸುತ್ತಿರುವವರು ಇಂದು ಮನುಷ್ಯರೇ. ಹಿಂದಿನ ಬದಲಾವಣೆಗಳ ಕಾಲದಲ್ಲಿ ಮುಂಗಾರನ್ನು ನಂಬಿ ಬಿತ್ತುವ ಕೋಟ್ಯಂತರ ರೈತರಿರಲಿಲ್ಲ, ಇಂದು ಇದ್ದಾರೆ.

ಚೀನಾದ ಧೂಳಿನ ಲೆಕ್ಕವು ನಮ್ಮ ನಾಡಿನ ಮಳೆಗೆ ಹಾಗೆಯೇ ಅನ್ವಯಿಸದು. ಆದರೂ ಎರಡು ದೇಶಗಳ ಮಾನ್ಸೂನುಗಳೂ ನೆಲ ಮತ್ತು ಕಡಲಿನ ಶಾಖದ ವ್ಯತ್ಯಾಸದಿಂದ ಹುಟ್ಟುವ ಬಂಧುಗಳು. ಒಂದರ ಚರಿತ್ರೆಯು ಇನ್ನೊಂದಕ್ಕೆ ಪಾಠವಾಗಬಲ್ಲದು. ಮಳೆಯನ್ನು ಎಂದಿಗೂ ಬದಲಾಗದ ವರವೆಂದು ತಿಳಿಯದೆ, ಬಿದ್ದ ನೀರನ್ನು ಹಿಡಿದಿಟ್ಟು, ಗಾಳಿಯನ್ನು ಕೆಡಿಸದೆ ಬಾಳುವುದೇ ಆ ಪಾಠದ ಸಾರ.